ಹೆಬ್ಬೆಟ್ಟಿನ ಹಾಜರಿ: ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಒಂದು ಪ್ರಕರಣ ಅಧ್ಯಯನ

ಸರ್ಕಾರಿ ನೌಕರರು ಸಮಯಕ್ಕೆ ಬರಬೇಕು, ಬಂದವರು ಮನಸ್ಸಿಟ್ಟು ದುಡಿಯಬೇಕು ಎಂಬ ಮಾತು ಎಲ್ಲಿ ಎದ್ದರೂ ಅದರ ಹಿಂದೆಯೇ ಹಾಜರಿ ಯಂತ್ರದ ಪ್ರಸ್ತಾಪ ಬರುತ್ತದೆ. ಪುಸ್ತಕದಲ್ಲಿ ಯಾರು ಯಾವಾಗ ಬೇಕಾದರೂ ಸಹಿ ಹಾಕಬಹುದು, ಯಂತ್ರದ ಮುಂದೆ ಆ ಆಟ ನಡೆಯುವುದಿಲ್ಲ ಎಂಬುದು ವಾದ. ಈ ವಾದವನ್ನು ಕರ್ನಾಟಕದ ಆರೋಗ್ಯ ಇಲಾಖೆ ಸುಮಾರು 2010ರ ಹೊತ್ತಿಗೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿತು. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 140 ಕೇಂದ್ರಗಳನ್ನು ಚೀಟಿ ಎತ್ತಿದಂತೆ ಆರಿಸಿ ಅಲ್ಲಿ ಬೆರಳ ಗುರುತು ಪಡೆಯುವ ಯಂತ್ರಗಳನ್ನು ಇಟ್ಟಿತು. ಉಳಿದ ಕೇಂದ್ರಗಳು ಹಳೆಯ ಹಾಜರಿ ಪುಸ್ತಕದಲ್ಲೇ ಮುಂದುವರಿದವು. ಎರಡೂ ಗುಂಪುಗಳನ್ನು ಹೋಲಿಸಿ ನೋಡಿದವರು ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು. ಅವರ ವರದಿ ಮೊದಲು 2014ರಲ್ಲಿ, ಅಂತಿಮ ರೂಪದಲ್ಲಿ 2017ರಲ್ಲಿ ಪ್ರಕಟವಾಯಿತು.

ಇದು ನಮ್ಮದೇ ರಾಜ್ಯದಲ್ಲಿ, ನಮ್ಮದೇ ಸರ್ಕಾರ ತಾನಾಗಿ ಕೈಗೆತ್ತಿಕೊಂಡ ಸುಧಾರಣೆ. ಹೊರಗಿನವರು ಹೇರಿದ್ದಲ್ಲ. ಹಾಗಿದ್ದೂ ಇದರ ಬಗ್ಗೆ ಕನ್ನಡದಲ್ಲಿ ಚರ್ಚೆಯಾದದ್ದು ಕಡಿಮೆ. ಮುಖ ಗುರುತಿಸುವ ಮೊಬೈಲ್ ಹಾಜರಿ ಕಚೇರಿಯಿಂದ ಕಚೇರಿಗೆ ಹರಡುತ್ತಿರುವ ಈ ಹೊತ್ತಿನಲ್ಲಿ ಆ ಅನುಭವವನ್ನು ತೆರೆದು ನೋಡಬೇಕು.

ಕೇಂದ್ರದ ಒಳಗಿನ ಸ್ಥಿತಿ

ಬಯಲು ಪ್ರದೇಶದಲ್ಲಿ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ದೇಶದ ಮಾನದಂಡ. ಒಬ್ಬ ವೈದ್ಯಾಧಿಕಾರಿ, ಸ್ಟಾಫ್ ನರ್ಸ್‌ಗಳು, ಒಬ್ಬ ಫಾರ್ಮಸಿಸ್ಟ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಉಪಕೇಂದ್ರಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯರು, ಇವರ ಜೊತೆಗೆ ಡಿ ಗುಂಪಿನ ನೌಕರರು. ಸಂಖ್ಯೆ ಚಿಕ್ಕದು. ಹತ್ತು ಮಂದಿಯ ಕಚೇರಿಯಲ್ಲಿ ಒಬ್ಬರು ಬಾರದಿದ್ದರೆ ಉಳಿದವರು ಸರಿದೂಗಿಸಬಹುದು. ಇಲ್ಲಿ ಲ್ಯಾಬ್ ಟೆಕ್ನಿಷಿಯನ್ ಬಾರದ ದಿನ ರಕ್ತ ಪರೀಕ್ಷೆಯೇ ಇಲ್ಲ. ಫಾರ್ಮಸಿಸ್ಟ್ ಬಾರದ ದಿನ ಔಷಧ ಕೊಠಡಿಗೆ ಬೀಗ.

ಗೈರುಹಾಜರಿ ಎಷ್ಟಿತ್ತು? 2002–03ರಲ್ಲಿ ದೇಶದ ಹಲವು ರಾಜ್ಯಗಳಲ್ಲಿ ಮುನ್ಸೂಚನೆ ಇಲ್ಲದೆ ಭೇಟಿ ಕೊಟ್ಟು ನಡೆಸಿದ ಸಮೀಕ್ಷೆಯಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಪೈಕಿ ಶೇ 40ರಷ್ಟು ಮಂದಿ ಸ್ಥಳದಲ್ಲಿ ಇರಲಿಲ್ಲ. ಶಾಲಾ ಶಿಕ್ಷಕರಲ್ಲಿ ಈ ಪ್ರಮಾಣ ಶೇ 25. ಓದಿದವರು ಥಟ್ಟನೆ ‘ಕಳ್ಳಾಟ’ ಎನ್ನುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಾಲ್ಲೂಕು ಕಚೇರಿಯಲ್ಲಿ ಸಭೆ, ಲಸಿಕಾ ಶಿಬಿರ, ಮನೆಭೇಟಿ, ವರದಿ ಒಪ್ಪಿಸಲು ಓಡಾಟ, ಬೇರೆ ಕೇಂದ್ರಕ್ಕೆ ನಿಯೋಜನೆ — ಇವೆಲ್ಲ ಕೆಲಸವೇ. ಹಾಗೆಯೇ ಕ್ವಾರ್ಟರ್ಸ್ ಸೋರುತ್ತಿರುವುದರಿಂದ ಪಟ್ಟಣದಲ್ಲಿ ಮನೆ ಮಾಡಿ ಹತ್ತೂವರೆಯ ಬಸ್ಸಿಗೆ ಬಂದು ಮೂರರ ಬಸ್ಸಿಗೆ ಹಿಂದಿರುಗುವುದೂ ಇದೆ. ಸಂಜೆಯ ಖಾಸಗಿ ಕ್ಲಿನಿಕ್ಕು ನಿಧಾನವಾಗಿ ಮಧ್ಯಾಹ್ನದ ಕ್ಲಿನಿಕ್ಕಾಗುವುದೂ ಇದೆ. ಮೂರಕ್ಕೂ ಹಾಜರಿ ಪುಸ್ತಕದಲ್ಲಿ ಒಂದೇ ಬಗೆಯ ಸಹಿ ಅಥವಾ ಒಂದೇ ಬಗೆಯ ಖಾಲಿ ಜಾಗ. ಚಲನವಲನ ವಹಿ ಇರುತ್ತದೆ, ಆದರೆ ಅದನ್ನು ತುಂಬುವುದು ಸಾಮಾನ್ಯವಾಗಿ ಹಿಂದಿರುಗಿದ ಮೇಲೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಅನೇಕ ಕೇಂದ್ರಗಳಲ್ಲಿ ಖಾಯಂ ಸಿಬ್ಬಂದಿಯ ಪಕ್ಕದಲ್ಲೇ ಗುತ್ತಿಗೆ ಸಿಬ್ಬಂದಿ ದುಡಿಯತೊಡಗಿದರು. ಹೆರಿಗೆ ಕೊಠಡಿಯಲ್ಲಿ ಇಬ್ಬರು ನರ್ಸ್‌ಗಳು ಒಂದೇ ಕೆಲಸ ಮಾಡುತ್ತಾರೆ. ಒಬ್ಬರಿಗೆ ವೇತನ ಬಡ್ತಿ, ಗಳಿಕೆ ರಜೆ, ಕೆಲಸದ ಭದ್ರತೆ ಇದೆ. ಇನ್ನೊಬ್ಬರು ಗುತ್ತಿಗೆಯ ನವೀಕರಣಕ್ಕೆ ಕಾಯುತ್ತಾರೆ. ಇಬ್ಬರ ಹೆಬ್ಬೆಟ್ಟೂ ಒಂದೇ ಯಂತ್ರದ ಮೇಲೆ ಬೀಳಬೇಕು.

ಯೋಜನೆ ಮತ್ತು ಅದರ ಫಲ

ಯೋಜನೆ ಸರಳವಾಗಿತ್ತು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಬೆರಳ ಗುರುತು. ಆ ಮಾಹಿತಿ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ತಲುಪುತ್ತದೆ. ಅಲ್ಲಿನ ಅಧಿಕಾರಿಗಳು ಯಾರು ಬಂದಿಲ್ಲ, ಯಾರು ತಡವಾಗಿ ಬಂದರು ಎಂಬುದನ್ನು ಮೇಲ್ವಿಚಾರಕರಿಗೆ ತಿಳಿಸುತ್ತಾರೆ. ಅನುಮತಿಯಿಲ್ಲದೆ ಗೈರಾದವರ ರಜೆ ಕಡಿತವಾಗುತ್ತದೆ. ಹೊಸ ನಿಯಮವೇನೂ ಬೇಕಿರಲಿಲ್ಲ, ಇಲಾಖೆಯ ಹಳೆಯ ನಿಯಮಗಳನ್ನು ಜಾರಿ ಮಾಡಿದರೆ ಸಾಕಿತ್ತು.

ಫಲ ಬಂತು. ಯಂತ್ರವಿದ್ದ ಕೇಂದ್ರಗಳಲ್ಲಿ ವೈದ್ಯಕೀಯ ಸಿಬ್ಬಂದಿಯ ಹಾಜರಿ ಶೇ 15ರಷ್ಟು ಏರಿತು. ಈ ಅಂಕಿಯನ್ನು ಸರಿಯಾಗಿ ಓದಿಕೊಳ್ಳಬೇಕು: ಮೊದಲು ನೂರು ಹಾಜರಿ ಸಿಗುತ್ತಿದ್ದ ಕಡೆ ನೂರ ಹದಿನೈದು ಸಿಗತೊಡಗಿತು ಎಂದು ಅರ್ಥ, ಎಲ್ಲರೂ ದಿನಾ ಬರತೊಡಗಿದರು ಎಂದಲ್ಲ. ಅಷ್ಟಕ್ಕೇ ಆ ಊರುಗಳ ಬಸುರಿಯರ ಬದುಕಿನಲ್ಲಿ ಆದ ವ್ಯತ್ಯಾಸ ದೊಡ್ಡದು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಶಿಶುಗಳು ಹುಟ್ಟುವ ಸಂಭವ ಸುಮಾರು ಕಾಲು ಭಾಗದಷ್ಟು ಇಳಿಯಿತು. ವೈದ್ಯರ ಕೈಯಲ್ಲಿ ಆಗುವ ಹೆರಿಗೆಗಳು ಶೇ 16ರಷ್ಟು ಹೆಚ್ಚಿದವು.

ಕಡಿಮೆ ತೂಕದ ಶಿಶುಗಳ ಇಳಿಕೆಗೆ ದಾರಿ ಯಾವುದು ಎಂದು ಊಹಿಸುವುದು ಕಷ್ಟವಲ್ಲ. ಐದು ತಿಂಗಳ ಬಸುರಿ ತಾಯಿ ಕಾರ್ಡ್ ಹಿಡಿದು ಕೇಂದ್ರಕ್ಕೆ ಬಂದ ದಿನ ಲ್ಯಾಬ್ ಟೆಕ್ನಿಷಿಯನ್ ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆಯಾಗುತ್ತದೆ. ರಕ್ತಹೀನತೆ ಗೊತ್ತಾಗುತ್ತದೆ. ಫಾರ್ಮಸಿಸ್ಟ್ ಇದ್ದರೆ ಕಬ್ಬಿಣಾಂಶದ ಮಾತ್ರೆ ಅಂದೇ ಕೈ ಸೇರುತ್ತದೆ. ನರ್ಸ್ ಇದ್ದರೆ ತೂಕ, ರಕ್ತದೊತ್ತಡ ನೋಡಿ, ಏನು ತಿನ್ನಬೇಕು, ಯಾವಾಗ ಮತ್ತೆ ಬರಬೇಕು ಎಂದು ಹೇಳುತ್ತಾರೆ. ಆಕೆ ಕೂಲಿ ಬಿಟ್ಟು ಬಂದಿರುತ್ತಾಳೆ. ಅಂದು ಯಾರೂ ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾಳೆಂಬ ಭರವಸೆಯಿಲ್ಲ. ಇಲ್ಲಿ ಯಾವ ದೊಡ್ಡ ವೈದ್ಯಕೀಯ ಪವಾಡವೂ ಬೇಕಾಗಿಲ್ಲ. ಮೂವರು ನೌಕರರು ತಮ್ಮ ಜಾಗದಲ್ಲಿದ್ದರೆ ಸಾಕು.

ಈ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಕಲಕಿದ ಸಂಗತಿ ಇದು. ಕೆಳಹಂತದ ನೌಕರರ ಹಾಜರಿಗೂ ಶಿಶುವಿನ ತೂಕಕ್ಕೂ ಇರುವ ನಂಟನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪುರಾವೆ ಅಪರೂಪ. ಆದರೆ ಹಾಜರಿ ಯಂತ್ರ ನರ್ಸ್‌ಗೆ ಹೇಳುವುದು ಒಂದೇ ಮಾತು: ನೀವು ಬಂದ ಹೊತ್ತು ಇಷ್ಟು, ಹೋದ ಹೊತ್ತು ಇಷ್ಟು. ನೀವು ಬಂದಿದ್ದರಿಂದ ಏನಾಯಿತು ಎಂಬುದನ್ನು ಅದು ಹೇಳುವುದಿಲ್ಲ.

ಯಾರು ಬಂದರು, ಯಾರು ಬರಲಿಲ್ಲ

ಹಾಜರಿ ಏರಿದ್ದು ನರ್ಸ್, ಫಾರ್ಮಸಿಸ್ಟ್ ಮತ್ತು ಲ್ಯಾಬ್ ಟೆಕ್ನಿಷಿಯನ್‌ಗಳಲ್ಲಿ; ಅವರಲ್ಲಿ ಏರಿಕೆ ಶೇ 18ರಷ್ಟು. ವೈದ್ಯರ ಹಾಜರಿಯಲ್ಲಿ ಗುರುತಿಸಬಹುದಾದ ಬದಲಾವಣೆ ಕಾಣಲಿಲ್ಲ.

ಇದರ ಅರ್ಥವನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಒಬ್ಬ ಲ್ಯಾಬ್ ಟೆಕ್ನಿಷಿಯನ್‌ಗೆ ಸರ್ಕಾರಿ ಕೆಲಸ ಕಳೆದುಕೊಳ್ಳಲಾಗದ ಆಸ್ತಿ. ರಜೆ ಕಡಿತವಾದೀತು, ಸೇವಾ ಪುಸ್ತಕದಲ್ಲಿ ಕಪ್ಪು ಚುಕ್ಕೆ ಬಿದ್ದೀತು ಎಂಬ ಸಂಶಯವೇ ಅವರನ್ನು ಬೆಳಗಿನ ಬಸ್ಸಿಗೆ ಹತ್ತಿಸುತ್ತದೆ. ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ ಆ ಭಯವಿಲ್ಲ. ರಾಜೀನಾಮೆ ಕೊಟ್ಟ ಮರುದಿನವೇ ಪಟ್ಟಣದ ಆಸ್ಪತ್ರೆಯಲ್ಲಿ ಅವರಿಗೆ ಕೆಲಸವಿದೆ. ಅವರು ಹೋದರೆ ಆ ಹುದ್ದೆ ತಿಂಗಳುಗಟ್ಟಲೆ ಖಾಲಿ ಉಳಿಯುತ್ತದೆ ಎಂಬುದು ಅವರಿಗೂ ಗೊತ್ತು, ಇಲಾಖೆಗೂ ಗೊತ್ತು.

ಹೀಗಾಗಿ ಯಂತ್ರದ ಬಿಸಿ ಮುಟ್ಟಿದ್ದು ಯಾರಿಗೆ ಮುಟ್ಟುವುದು ಸುಲಭವೋ ಅವರಿಗೆ. ಒಂದು ಚಿಕ್ಕ ಕೇಂದ್ರದೊಳಗೆ ಇದರ ಪರಿಣಾಮ ಏನಾಗಬಹುದು ಎಂದು ಯೋಚಿಸಿ. ಒಂಬತ್ತು ಗಂಟೆಗೆ ಹೆಬ್ಬೆಟ್ಟು ಒತ್ತಿ ಕುಳಿತ ನರ್ಸ್ ಹನ್ನೊಂದಕ್ಕೆ ಬರುವ, ಅಥವಾ ಬಾರದ, ಸಾಹೇಬರನ್ನು ನೋಡುತ್ತಾರೆ. ಇಬ್ಬರ ಗೈರೂ ಅದೇ ಯಂತ್ರದಲ್ಲಿ ದಾಖಲಾಗಿದೆ. ಒಬ್ಬರಿಗೆ ನೋಟಿಸು ಬರಬಹುದು, ಇನ್ನೊಬ್ಬರಿಗೆ ಬರುವುದಿಲ್ಲ. ಅನ್ಯಾಯ ಮೊದಲೂ ಇತ್ತು. ಈಗ ಅದಕ್ಕೆ ದಿನಾಂಕ, ಗಂಟೆ, ನಿಮಿಷಗಳ ಲೆಕ್ಕ ಸಿಕ್ಕಿತು.

ಲೆಕ್ಕ ಸಿಕ್ಕಿದ ಮೇಲೆ ಸರ್ಕಾರ ಮಾಡಿದ್ದೇನು

ನನ್ನ ದೃಷ್ಟಿಯಲ್ಲಿ ಪ್ರಕರಣದ ತಿರುಳು ಇಲ್ಲಿದೆ. ಬೆಂಗಳೂರಿನ ಕಚೇರಿಗೆ ದಿನದಿನದ ಹಾಜರಿ ತಲುಪುತ್ತಿತ್ತು. ಮೊದಲ ಬಾರಿಗೆ ಸರ್ಕಾರದ ಕೈಯಲ್ಲಿ ನಂಬಬಹುದಾದ ಲೆಕ್ಕವಿತ್ತು. ಆದರೆ ಆ ಲೆಕ್ಕವನ್ನು ಬಳಸಿ ನಿಯಮದಂತೆ ರಜೆ ಕಡಿತ ಮಾಡುವ ಉತ್ಸಾಹ ಆಡಳಿತದಲ್ಲಿ ಕಾಣಲಿಲ್ಲ. ತಾನೇ ಆರಂಭಿಸಿದ ಸುಧಾರಣೆಯ ಫಲವನ್ನು ಬಳಸಲು ಸರ್ಕಾರವೇ ಹಿಂಜರಿಯಿತು. ಸಿಬ್ಬಂದಿ ಕೆಲಸ ಬಿಟ್ಟಾರು, ಅಸಮಾಧಾನ ಭುಗಿಲೆದ್ದೀತು ಎಂಬುದು ಹಿಂಜರಿಕೆಗೆ ಅಧ್ಯಯನಕಾರರು ಗುರುತಿಸಿದ ಕಾರಣ.

ಇದನ್ನು ಹೇಡಿತನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ತಾಲ್ಲೂಕು ಆರೋಗ್ಯಾಧಿಕಾರಿಯ ಕುರ್ಚಿಯಲ್ಲಿ ಕುಳಿತು ನೋಡಿದರೆ ಆ ಭಯ ನಿಜ. ವಾರಕ್ಕೆ ನಾಲ್ಕು ದಿನ ಬರುವ ವೈದ್ಯರೊಬ್ಬರ ರಜೆ ಕಡಿದರೆ, ಅವರು ರಾಜೀನಾಮೆ ಕೊಟ್ಟು ಹೋದರೆ, ಆಮೇಲೆ ವಾರಕ್ಕೆ ಬರುವವರು ಸೊನ್ನೆ. ಊರಿನವರು ಬಂದು ಕೂಗಾಡುವುದು ಈ ಅಧಿಕಾರಿಯ ಮುಂದೆಯೇ ಹೊರತು ಬೆಂಗಳೂರಿನಲ್ಲಿ ಕುಳಿತವರ ಮುಂದಲ್ಲ. ಆದ್ದರಿಂದ ಕಂಡೂ ಕಾಣದಂತೆ ಇರುವುದು ಅವರ ಮಟ್ಟಿಗೆ ವಿವೇಕದ ನಡೆ. ಮೇಲಿನವರು ಈ ವಿವೇಕವನ್ನು ಮೊದಲೇ ಗ್ರಹಿಸಿ ಯೋಜನೆಯೊಳಗೆ ಜಾಗ ಕೊಡಬೇಕಿತ್ತು.

ಆದರೆ ಆ ಹಿಂಜರಿಕೆಗೆ ಬೆಲೆ ತೆತ್ತವರು ಯಾರು ಎಂದು ಕೇಳಲೇಬೇಕು. ಪ್ರಾಮಾಣಿಕವಾಗಿ ದಿನಾ ಬಂದವರು. ನಿಯಮ ಮುರಿದವರಿಗೆ ಏನೂ ಆಗುವುದಿಲ್ಲ ಎಂಬುದು ಯಂತ್ರ ಬರುವ ಮೊದಲು ಒಂದು ಅನುಮಾನವಾಗಿತ್ತು. ಯಂತ್ರ ಬಂದ ಮೇಲೆ ಅದು ಖಾತ್ರಿಯಾಯಿತು. ನೌಕರರ ಉತ್ಸಾಹ ಕುಂದುವುದು ಸಂಬಳದ ಕೊರತೆಯಿಂದ ಮಾತ್ರ ಎಂದು ತಿಳಿದವರು ಈ ಅಂಶವನ್ನು ಗಮನಿಸಬೇಕು. ಎಲ್ಲವನ್ನೂ ಬರೆದಿಟ್ಟುಕೊಂಡು, ಬಂದವರಿಗೆ ಒಂದು ಒಳ್ಳೆಯ ಮಾತನ್ನೂ ಬಾರದವರಿಗೆ ಒಂದು ಪ್ರಶ್ನೆಯನ್ನೂ ಕಳಿಸದ ಇಲಾಖೆ, ನಿಮ್ಮ ಇರುವಿಕೆ ನಮಗೆ ಮುಖ್ಯವಲ್ಲ ಎಂದು ತನ್ನ ನಡೆಯಿಂದಲೇ ಸಾರುತ್ತದೆ.

ಇನ್ನೊಂದು ಫಲಿತಾಂಶ ಯಾರೂ ನಿರೀಕ್ಷಿಸದೆ ಇದ್ದದ್ದು. ಯಂತ್ರವಿದ್ದ ಕೇಂದ್ರಗಳ ವ್ಯಾಪ್ತಿಯ ಗರ್ಭಿಣಿಯರು ಹೆರಿಗೆಗೆ ಆ ಕೇಂದ್ರಗಳಿಗೆ ಬರುವುದು ಕಡಿಮೆಯಾಗಿ, ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೂ ಖಾಸಗಿ ಆಸ್ಪತ್ರೆಗಳಿಗೂ ಹೋಗುವುದು ಹೆಚ್ಚಾಯಿತು. ಇದಕ್ಕೆ ಒಳ್ಳೆಯ ವಿವರಣೆಯೂ ಇದೆ: ಸಿಬ್ಬಂದಿ ಹೆಚ್ಚು ಹೊತ್ತು ಇದ್ದುದರಿಂದ ತೊಡಕಿನ ಬಸಿರನ್ನು ಬೇಗ ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸಿರಬಹುದು. ಕೆಟ್ಟ ವಿವರಣೆಯೂ ಇದೆ: ಕಡ್ಡಾಯವಾಗಿ ಕೂರಬೇಕಾಗಿ ಬಂದ ಹೊತ್ತಿನ ನಷ್ಟವನ್ನು ಕೆಲವರು ರೋಗಿಗಳನ್ನು ಖಾಸಗಿ ಚಿಕಿತ್ಸೆಯತ್ತ ತಿರುಗಿಸುವ ಮೂಲಕ, ಹೆರಿಗೆಯ ವೇಳೆ ತಾಯಂದಿರಿಗೆ ಸರ್ಕಾರ ಕೊಡುವ ನಗದಿನಲ್ಲಿ ಕೈಯಾಡಿಸುವ ಮೂಲಕ ತುಂಬಿಕೊಂಡಿರಬಹುದು. ಅಧ್ಯಯನ ಎರಡೂ ಬಗೆಯ ವಿವರಣೆಗಳನ್ನು ಮುಂದಿಡುತ್ತದೆ. ಎರಡೂ ಒಂದೇ ಜಿಲ್ಲೆಯಲ್ಲಿ ನಿಜವಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಉದಯಪುರ, ಗುಂಬಳ್ಳಿ

ಹೋಲಿಕೆಗೆ ಎರಡು ಊರುಗಳು ಸಾಕು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಇದಕ್ಕೂ ಕೆಲವು ವರ್ಷ ಮುಂಚೆ ಸೇವಾ ಮಂದಿರ ಎಂಬ ಸಂಸ್ಥೆ ಸರ್ಕಾರದ ಜೊತೆಗೂಡಿ ಉಪಕೇಂದ್ರಗಳ ನರ್ಸ್‌ಗಳ ಹಾಜರಿಯನ್ನು ದಿನಾಂಕ ಮತ್ತು ಸಮಯ ಮುದ್ರಿಸುವ ಯಂತ್ರದಿಂದ ದಾಖಲಿಸಿತು. ಗೈರಾದರೆ ಸಂಬಳದಲ್ಲಿ ಕಡಿತ. ಮೊದಲ ತಿಂಗಳುಗಳಲ್ಲಿ ಹಾಜರಿ ಚೆನ್ನಾಗಿ ಏರಿತು. ಆಮೇಲೆ ಸ್ಥಳೀಯ ಆರೋಗ್ಯಾಧಿಕಾರಿಗಳು ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ಕೊಡತೊಡಗಿದರು. ಸುಮಾರು ಹದಿನಾರು ತಿಂಗಳ ಹೊತ್ತಿಗೆ ಯಂತ್ರವಿದ್ದ ಮತ್ತು ಇಲ್ಲದ ಉಪಕೇಂದ್ರಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ಈ ಅಧ್ಯಯನ ಮಾಡಿದ ಮೂವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. ಉದಯಪುರದ ಫಲಿತಾಂಶ ಪ್ರಕಟವಾಗಿದ್ದು 2008ರಲ್ಲಿ. ಕರ್ನಾಟಕ ಯಂತ್ರ ಇಡುವ ಮೊದಲೇ ಈ ಎಚ್ಚರಿಕೆ ಲಭ್ಯವಿತ್ತು.

ಎರಡನೆಯದು ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ನಡೆಸಲು ಪಡೆಯಿತು. ಹಣ ಸರ್ಕಾರದ್ದೇ, ಹೊಣೆ ಟ್ರಸ್ಟಿನದು. ಸಿಬ್ಬಂದಿ ಕೇಂದ್ರವಿರುವ ಊರಿನಲ್ಲೇ ವಾಸವಿರಬೇಕು ಎಂಬುದಕ್ಕೆ ಟ್ರಸ್ಟ್ ಒತ್ತು ಕೊಟ್ಟಿತು. ಮೂರ್ಛೆರೋಗ, ಮಾನಸಿಕ ಕಾಯಿಲೆಗಳ ಆರೈಕೆಯನ್ನು ಅದೇ ಸಿಬ್ಬಂದಿಯ ಕೆಲಸದೊಳಗೆ ತಂದಿತು. ಈ ಮಾದರಿಯನ್ನು ರಾಜ್ಯದ ಎಲ್ಲ ಕೇಂದ್ರಗಳಿಗೂ ಹರಡಬಹುದು ಎಂದು ನಾನು ಹೇಳುವುದಿಲ್ಲ. ಸುದರ್ಶನ್ ಅವರಂಥವರು ಪ್ರತಿ ತಾಲ್ಲೂಕಿನಲ್ಲೂ ಸಿಗುವುದಿಲ್ಲ. ಸರ್ಕಾರ ತನ್ನ ಕೇಂದ್ರಗಳನ್ನು ಟ್ರಸ್ಟುಗಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಆದರೆ ಒಂದು ಅಂಶವನ್ನು ಅಲ್ಲಿಂದ ಎತ್ತಿಕೊಳ್ಳಬಹುದು: ಕಲಿಯಲು ಹೊಸದೊಂದು ಸಿಕ್ಕಾಗ, ಚಿಕಿತ್ಸೆ ಫಲಿಸುವುದು ಕಣ್ಣಿಗೆ ಕಂಡಾಗ ನೌಕರರಿಗೆ ಕೆಲಸದ ರುಚಿ ಹತ್ತುತ್ತದೆ. ವರ್ಷಗಟ್ಟಲೆ ಬಾರದಿದ್ದ ಮೂರ್ಛೆ ರೋಗಿ ತಿಂಗಳಿಗೊಮ್ಮೆ ಬಂದು ಗುಳಿಗೆ ಒಯ್ಯುವುದನ್ನು ನೋಡುವ ಫಾರ್ಮಸಿಸ್ಟ್, ಯಂತ್ರವಿಲ್ಲದಿದ್ದರೂ ಅಂದು ರಜೆ ಹಾಕಲು ಹಿಂದೆಮುಂದೆ ನೋಡುತ್ತಾರೆ.

ಬೇರೆ ರೀತಿ ಮಾಡಬಹುದಿತ್ತೆ?

ಮಾಡಬಹುದಿತ್ತು. ಹಾಜರಿಯ ಲೆಕ್ಕ ಬೇಡವೆನ್ನುವವನು ನಾನಲ್ಲ. ಶೇ 15ರ ಏರಿಕೆಯಿಂದ ಶಿಶುಗಳಿಗೆ ಆದ ಒಳಿತು ಅಂಥದ್ದು.

ವೈದ್ಯರಿಗೆ ರಜೆ ಕಡಿತ ದೊಡ್ಡ ವಿಷಯವಲ್ಲ ಎಂದಾದ ಮೇಲೆ ಅವರಿಗೆ ದೊಡ್ಡ ವಿಷಯ ಯಾವುದು ಎಂದು ಕೇಳಬೇಕು. ಉತ್ತರ ಇಲಾಖೆಯ ಒಳಗಿನವರಿಗೆಲ್ಲ ಗೊತ್ತು: ವರ್ಗಾವಣೆ ಮತ್ತು ಸ್ನಾತಕೋತ್ತರ ಸೀಟು. ವೈದ್ಯಾಧಿಕಾರಿಗಳ ಮತ್ತು ಇತರ ಸಿಬ್ಬಂದಿಯ ವರ್ಗಾವಣೆಯನ್ನು ನಿಯಂತ್ರಿಸಲು ಕರ್ನಾಟಕ 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ. ಹಳ್ಳಿಯಲ್ಲಿ ಇಂತಿಷ್ಟು ವರ್ಷ ನಿಜವಾಗಿ ಹಾಜರಿದ್ದು ದುಡಿದವರಿಗೆ ಕೌನ್ಸೆಲಿಂಗ್‌ನಲ್ಲಿ ಮೊದಲ ಸರದಿ, ಸೇವಾನಿರತರ ಸೀಟಿನಲ್ಲಿ ಆದ್ಯತೆ ಎಂದು ಹಾಜರಿಯ ದಾಖಲೆಯನ್ನು ಇವೆರಡಕ್ಕೆ ಜೋಡಿಸಿದರೆ, ಯಾರನ್ನೂ ದಂಡಿಸದೆಯೇ ಆ ದಾಖಲೆಗೆ ತೂಕ ಬರುತ್ತದೆ. ರಾಜೀನಾಮೆಯ ಬೆದರಿಕೆ ಇಲ್ಲಿ ನಡೆಯುವುದಿಲ್ಲ. ಬಿಟ್ಟು ಹೋಗುವವರು ತಾವೇ ಗಳಿಸಿಟ್ಟ ಸರದಿಯನ್ನು ಕಳೆದುಕೊಳ್ಳುತ್ತಾರೆ. ಹಳ್ಳಿಯ ಹುದ್ದೆಗೊಂದು ಖಚಿತವಾದ ಕೊನೆಯ ದಿನಾಂಕ ಇರುವುದೂ ಅಷ್ಟೇ ಮುಖ್ಯ. ಎಂದು ಹಿಂದಿರುಗುತ್ತೇನೆ ಎಂದು ತಿಳಿಯದ ವೈದ್ಯರು ಮೊದಲ ದಿನದಿಂದಲೇ ಹೊರಡುವ ದಾರಿ ಹುಡುಕುತ್ತಿರುತ್ತಾರೆ.

ಕೆಳಹಂತದ ಸಿಬ್ಬಂದಿಯ ವಿಷಯ ಬೇರೆ. ಅವರನ್ನು ಬರುವಂತೆ ಮಾಡಲು ಯಂತ್ರ ಸಾಕಾಯಿತು. ಬಂದವರ ಮನಸ್ಸನ್ನು ಕೆಲಸದಲ್ಲಿ ನಿಲ್ಲಿಸಲು ಅದು ಸಾಲದು. ತಿಂಗಳ ಸಭೆಯಲ್ಲಿ ಗುರಿ ಎಷ್ಟು, ಸಾಧನೆ ಎಷ್ಟು ಎಂದು ಗದರುವ ಬದಲು ಕೇಂದ್ರವಾರು ಲೆಕ್ಕವನ್ನು ಅವರ ಮುಂದಿಡಬೇಕು. ಎಷ್ಟು ಬಸುರಿಯರಿಗೆ ಹಿಮೋಗ್ಲೋಬಿನ್ ಪರೀಕ್ಷೆಯಾಯಿತು, ಎಷ್ಟು ಮಂದಿಯ ರಕ್ತಹೀನತೆ ನೀಗಿತು, ಹುಟ್ಟಿದ ಶಿಶುಗಳ ತೂಕ ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಿದೆ. ಈ ಮಾಹಿತಿಯೆಲ್ಲ ತಾಯಿ ಕಾರ್ಡಿನಲ್ಲೂ ಕೇಂದ್ರದ ವಹಿಗಳಲ್ಲೂ ಈಗಾಗಲೇ ಇದೆ. ಅದು ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಮರಳುವುದಿಲ್ಲ. ಮರಳಿಸಲು ಹಣ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ, ತಾಲ್ಲೂಕು ಆರೋಗ್ಯಾಧಿಕಾರಿಯ ಒಂದು ಗಂಟೆ ಸಾಕು.

ವಿನಾಯಿತಿಯನ್ನು ತಡೆಯಲಾಗದು, ತಡೆಯಲೂ ಬಾರದು. ಲಸಿಕಾ ಶಿಬಿರಕ್ಕೆ ಹೋದವರನ್ನು ಗೈರೆಂದು ತೋರಿಸುವ ಯಂತ್ರ ಪ್ರಾಮಾಣಿಕರ ಮನಸ್ಸನ್ನೇ ಮೊದಲು ಮುರಿಯುತ್ತದೆ. ಹೊರಡುವ ಮುನ್ನವೇ ಕಾರಣವನ್ನು ಯಂತ್ರದಲ್ಲಿ ದಾಖಲಿಸಲು ಅವಕಾಶವಿರಲಿ. ಯಾವ ಅಧಿಕಾರಿ ಯಾರಿಗೆ ಎಷ್ಟು ವಿನಾಯಿತಿ ಕೊಟ್ಟರು ಎಂಬ ಪಟ್ಟಿ ಕೇಂದ್ರದ ಸೂಚನಾ ಫಲಕದಲ್ಲಿ ಬೀಳಲಿ. ವೈದ್ಯರದೂ ನರ್ಸ್‌ಗಳದೂ ಒಂದೇ ಹಾಳೆಯಲ್ಲಿ.

ಉಳಿದಿರುವುದು ಗುತ್ತಿಗೆ ಸಿಬ್ಬಂದಿಯ ಪ್ರಶ್ನೆ, ಇದಕ್ಕೆ ಯಾವ ಆಡಳಿತಾತ್ಮಕ ಜಾಣ್ಮೆಯೂ ಉತ್ತರವಾಗದು. 2023ರಲ್ಲಿ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕೆಲಸ ಖಾಯಂ ಮಾಡಬೇಕೆಂದು ರಾಜ್ಯದಲ್ಲಿ ಮುಷ್ಕರ ಹೂಡಿದ್ದರು. ಹಾಜರಿ ಯಂತ್ರದ ಮುಂದೆ ಅವರನ್ನು ಖಾಯಂ ನೌಕರರ ಸಮಕ್ಕೆ ನಿಲ್ಲಿಸುವ ಸರ್ಕಾರ, ಸಂಬಳದ ದಿನವೂ ರಜೆಯ ಅರ್ಜಿಯಲ್ಲೂ ಅದೇ ಸಮಾನತೆಯನ್ನು ತೋರಿಸಬೇಕು. ಹೊಸ ಮುಖ ಗುರುತಿನ ವ್ಯವಸ್ಥೆಗೆ ಟೆಂಡರ್ ಕರೆಯುವ ಮುನ್ನ ಈ ಸಮಾನತೆಯ ಕಡತಕ್ಕೆ ಸಹಿ ಬೀಳಬೇಕು ಎಂಬುದು ನನ್ನ ಒತ್ತಾಯ.